ಹನ್ನೆರಡು ಹೊಡೆಯದ ಊರು

ಸ್ವಿಟ್ಜರ್‌ಲೆಂಡಿನ ಸೋಲೊಟುರ್ನ್ ಪೇಟೆಯಲ್ಲಿ ಒಂದು ಗಡಿಯಾರವಿದೆ. ಅದರಲ್ಲಿ ಹನ್ನೆರಡು ಇಲ್ಲ. ಹನ್ನೊಂದಾದ ಮೇಲೆ ನೇರವಾಗಿ ಒಂದು. ಗಡಿಯಾರ ಮಾಡುವುದರಲ್ಲಿ ಲೋಕಕ್ಕೇ ಮೇಷ್ಟ್ರಾದ ದೇಶದಲ್ಲಿ ಇದೇನು ಗ್ರಹಚಾರ ಎಂದರೆ, ಈ ಊರಿಗೆ ಹನ್ನೊಂದರ ಹುಚ್ಚು. 1481ರಲ್ಲಿ ಸ್ವಿಸ್ ಒಕ್ಕೂಟ ಸೇರಿದ ಹನ್ನೊಂದನೆಯ ಕ್ಯಾಂಟನ್ ತಮ್ಮದು ಅನ್ನುತ್ತಾರೆ ಇಲ್ಲಿಯವರು. ಎರಡು ಹೋಳಾಗಿರುವ ಒಂದು ಕ್ಯಾಂಟನನ್ನು ಒಂದೇ ಎಂದು ಎಣಿಸಿದರೆ ಇದು ಹತ್ತನೆಯದಾಗುತ್ತದೆ, ಆದರೆ ಅಂಥ ಲೆಕ್ಕವನ್ನು ಈ ಊರಿನಲ್ಲಿ ಬಾಯಿಬಿಟ್ಟು ಹೇಳಬಾರದು. ದೊಡ್ಡ ಚರ್ಚು ಸೇಂಟ್ ಉರ್ಸೆನ್ ಕಟ್ಟಲು ಹಿಡಿದದ್ದು 1762ರಿಂದ 1773ರವರೆಗೆ, ಹನ್ನೊಂದು ವರ್ಷ. ಒಳಗೆ ಹನ್ನೊಂದು ಬಲಿಪೀಠ, ಮೇಲೆ ಹನ್ನೊಂದು ಗಂಟೆ, ಮುಂದಿನ ಮೆಟ್ಟಿಲೂ ಹನ್ನೊಂದು ಹನ್ನೊಂದರ ಕಂತಿನಲ್ಲಿ. ಊರಿನ ಬೀರಿಗೂ ಹನ್ನೊಂದರದೇ ಹೆಸರು.

ಬದುಕಿನ ಗುಣಮಟ್ಟ ಅಂತ ವರ್ಷವರ್ಷವೂ ಯಾರೋ ಪಟ್ಟಿ ಮಾಡುತ್ತಾರಲ್ಲ, ಅದರಲ್ಲಿ ಜೂರಿಚ್, ಜಿನೀವಾಗಳಿಗೆ ಮುಂದಿನ ಸಾಲಿನ ಕುರ್ಚಿ ಖಾಯಂ. 17 ಸಾವಿರ ಚಿಲ್ಲರೆ ಜನರ ಸೋಲೊಟುರ್ನನ್ನು ಯಾರೂ ಕರೆಯುವುದಿಲ್ಲ. ಊರಿಗೂ ಅದರ ಪರಿವೆ ಇದ್ದಂತಿಲ್ಲ. ಆರೆ ನದಿ, ಹಿಂದೆ ಯೂರಾ ಬೆಟ್ಟಸಾಲು, ಬುಧವಾರ ಶನಿವಾರ ಸಂತೆ, ಬೀದಿಯ ಕಾರಂಜಿಗಳಲ್ಲಿ ಕುಡಿಯುವ ನೀರು. ಮಗಳು ಅಳಿಯ ಇಲ್ಲಿ ಮನೆ ಮಾಡಿದ್ದರಿಂದ ಬಾಣಂತನ, ಚಳಿಗಾಲ, ಸುಮ್ಮನೆ ಎಂದು ಒಂದೊಂದು ನೆಪದಲ್ಲಿ ಬಂದು ಹೋಗುವ ನನಗೆ, ಇಲ್ಲಿಯ ಸುಖ ಏನು ಅನ್ನುವುದು ಗೊತ್ತಾದದ್ದು ಬೆಟ್ಟ ನೋಡಿ ಅಲ್ಲ. ನೆಲಮಾಳಿಗೆಗೆ ಇಳಿದಾಗ.

ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಮನೆಗೊಂದು ವಾಷಿಂಗ್ ಮಷೀನ್ ಇರುವುದಿಲ್ಲ. ಕಟ್ಟಡಕ್ಕೆಲ್ಲ ಸೇರಿ ನೆಲಮಾಳಿಗೆಯಲ್ಲಿ ಒಂದು ಒಗೆಯುವ ಕೋಣೆ. ಗೋಡೆಯಲ್ಲಿ ಒಂದು ಪಟ್ಟಿ, ಪಕ್ಕದಲ್ಲಿ ದಾರ ಕಟ್ಟಿ ಇಳಿಬಿಟ್ಟ ಪೆನ್ಸಿಲ್. ನಮ್ಮ ಮನೆಗೆ ಮಂಗಳವಾರ, ಕೆಳಗಿನ ಮನೆಯ ಹಲ್ಲಿನ ಡಾಕ್ಟರಿಗೆ ಬುಧವಾರ, ಮೇಲಿನ ಮನೆಯ ಅಜ್ಜಿಗೆ ಗುರುವಾರ. ನಿಮ್ಮ ದಿನ ಮುಗಿಯಿತೋ, ಮಷೀನಿನ ಬಾಯಿಯ ರಬ್ಬರ್ ಪಟ್ಟಿಯನ್ನು ಮಡಿಕೆ ಬಿಡಿಸಿ ಬಟ್ಟೆಯಿಂದ ಒರೆಸಬೇಕು, ಸೋಪಿನ ಡಬ್ಬಿ ತೊಳೆದು ಅರ್ಧ ತೆರೆದಿಡಬೇಕು, ಡ್ರೈಯರಿನ ಜಾಲರಿಯಲ್ಲಿ ಕೂತ ನೂಲಿನ ಜುಂಗನ್ನು ಕೆರೆದು ತೆಗೆಯಬೇಕು, ನೆಲ ಒರೆಸಬೇಕು. ಆಮೇಲೆ ಕೀಲಿಕೈ ಮುಂದಿನವರಿಗೆ. ಭಾನುವಾರ ಯಾರಿಗೂ ಇಲ್ಲ. ಈ ಕೀಲಿಕೈ ಎಷ್ಟು ಘನವಾದ ವಸ್ತುವೆಂದರೆ, ಹ್ಯೂಗೋ ಲೋಚರ್ ಎಂಬ ಇಲ್ಲಿಯ ಹೆಸರಾಂತ ಲೇಖಕ 1983ರಲ್ಲಿ ತಂದ ಒಂದು ಪುಸ್ತಕಕ್ಕೆ ಒಗೆಯುವ ಕೋಣೆಯ ಕೀಲಿಕೈಯ ಹೆಸರನ್ನೇ ಇಟ್ಟಿದ್ದಾನೆ. ದೇಶವನ್ನು ಅರ್ಥ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಬಾಗಿಲು ಅವನಿಗೂ ಸಿಕ್ಕಿರಲಿಲ್ಲವೇನೋ.

ಮೈಸೂರಿನಲ್ಲಿ ನಮ್ಮ ಸುಖದ ರೀತಿಯೇ ಬೇರೆ. ಹಾಲಿನವನು ಬರುತ್ತಾನೆ, ಹೂವಿನವಳು ಬರುತ್ತಾಳೆ, ಪಾತ್ರೆಗೆ ಒಬ್ಬಳು, ಇಸ್ತ್ರಿಗೆ ಒಬ್ಬ. ಸುಖವೆಂದರೆ ನಮ್ಮ ಕೆಲಸಕ್ಕೆ ಬೇರೆಯವರು ಬರುವುದು. ಅವರು ಬಾರದ ದಿನ ನಾವು ದೇಶದ ಭವಿಷ್ಯದ ಬಗ್ಗೆಯೇ ಚಿಂತೆ ಮಾಡುತ್ತೇವೆ. ಇಲ್ಲಿ ಯಾರ ಮನೆಗೂ ಯಾರೂ ಬರುವುದಿಲ್ಲ. ಹಾಗಂತ ಸುಖ ಇಲ್ಲವೇ? ಇದೆ, ಧಾರಾಳವಾಗಿದೆ, ಆದರೆ ಸರದಿಯ ಮೇಲೆ. ಎಲ್ಲರೂ ಅವರವರ ಪಾಳಿಯಲ್ಲಿ ಅದನ್ನು ತಿಕ್ಕಿ ತೊಳೆದು ಇಟ್ಟಿರುವುದರಿಂದ ಎಲ್ಲರಿಗೂ ಒಂದಿಷ್ಟು ಸಿಗುತ್ತದೆ.

ಹಳೇ ಪೇಪರನ್ನೇ ತಗೊಳ್ಳಿ. ನಮ್ಮಲ್ಲಿ ಪೇಪರಿನವನು ತಕ್ಕಡಿ ತಂದು ತೂಕದಲ್ಲಿ ಮೋಸ ಮಾಡಿಯಾದರೂ ನಾಲ್ಕು ಕಾಸು ಕೊಟ್ಟು ಹೋಗುತ್ತಾನೆ. ಇಲ್ಲಿ ಕೆಳಗಿನ ಮನೆಯ ಹಲ್ಲಿನ ಡಾಕ್ಟರು ಖುದ್ದಾಗಿ ಮಂಡಿಯೂರಿ, ಪೇಪರಿನ ಅಂಚುಗಳನ್ನು ತಟ್ಟಿ ಸಮ ಮಾಡಿ, ದಾರವನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಸುತ್ತಿ, ಗಂಟಿನ ಮೇಲೆ ಬೆರಳೊತ್ತಿ ಹಿಡಿದು ಬಿಗಿಯುತ್ತಾರೆ. ಆ ಕಟ್ಟು ನೋಡಿದರೆ ಗೃಹಪ್ರವೇಶಕ್ಕೆ ಉಡುಗೊರೆ ಕೊಡಬಹುದು ಅನ್ನಿಸುತ್ತದೆ. ಅದು ಹೋಗುವುದು ರದ್ದಿಗೆ, ಅದೂ ಪುಕ್ಕಟೆ. ರಟ್ಟು ಬೇರೆ ಕಟ್ಟಬೇಕು, ಬಾಟಲಿ ಹಸಿರು, ಕಂದು, ಬಿಳಿ ಎಂದು ಬೇರೆ ಬೇರೆ ತೂತಿಗೆ ಹಾಕಬೇಕು. ಉಳಿದ ಕಸಕ್ಕೆ ಊರೇ ಮಾರುವ ಚೀಲ, ಅದರ ಬೆಲೆಯಲ್ಲೇ ಕಸದ ತೆರಿಗೆ ಸೇರಿರುತ್ತದೆ. 35 ಲೀಟರಿನದಕ್ಕೆ ಎರಡು ಫ್ರಾಂಕಿನ ಆಸುಪಾಸು. ಹಾಗಾಗಿ ಈ ದೇಶದ ಸಿರಿವಂತರೂ ಕಸದ ಚೀಲವನ್ನು ಮೊಣಕಾಲಿನಿಂದ ಒತ್ತಿ ಒತ್ತಿ ತುಂಬುತ್ತಾರೆ.

ಬಾಟಲಿ ಹಾಕುವುದಕ್ಕೂ ಭಾನುವಾರ ನಿಷೇಧ. ಗಾಜಿನ ಸದ್ದು ನೆರೆಯವರಿಗೆ ತೊಂದರೆ. ಅದೇ ಭಾನುವಾರ ಬೆಳಿಗ್ಗೆ ಸೇಂಟ್ ಉರ್ಸೆನ್ ಗೋಪುರದಿಂದ ಗಂಟೆಗಳು ಕಿಟಕಿ ನಡುಗುವಂತೆ ಮೊಳಗತೊಡಗುತ್ತವೆ. "ಇದಕ್ಕೆ ನಿಷೇಧ ಇಲ್ವೇನೇ?" ಎಂದೆ. "ಅಮ್ಮಾ, ಅದು ಟೈಮ್‌ಟೇಬಲ್‌ನಲ್ಲಿದೆ" ಎಂದಳು ಮಗಳು. ಹತ್ತು ವರ್ಷಕ್ಕೆ ಹುಡುಗಿ ಪೂರಾ ಆ ಕಡೆಯವಳಾಗಿದ್ದಾಳೆ.

ಟೈಮ್‌ಟೇಬಲ್ ಎಂದರೆ ರೈಲಿನ ಮಾತು ಬರಲೇಬೇಕು, ಆದರೆ ಸ್ವಿಸ್ ರೈಲನ್ನು ಹೊಗಳದವರಿಲ್ಲ, ನಾನು ಬಿಡುತ್ತೇನೆ. ಸ್ಟೇಷನ್ನಿನ ಗಡಿಯಾರ ಮಾತ್ರ ನೋಡಬೇಕು. ಹಾನ್ಸ್ ಹಿಲ್ಫಿಕರ್ ಎಂಬ ಎಂಜಿನಿಯರ್ 1944ರಲ್ಲಿ ರೂಪಿಸಿದ್ದು. ಅದರ ಕೆಂಪು ಸೆಕೆಂಡು ಮುಳ್ಳು ಒಂದು ಸುತ್ತನ್ನು ಅರವತ್ತು ಸೆಕೆಂಡಿಗಿಂತ ತುಸು ಮೊದಲೇ ಮುಗಿಸಿ, ಹನ್ನೆರಡರ ಹತ್ತಿರ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ದೊಡ್ಡ ಗಡಿಯಾರದಿಂದ ಅಪ್ಪಣೆ ಬಂದ ಮೇಲೆಯೇ ನಿಮಿಷದ ಮುಳ್ಳು ಟಕ್ಕೆಂದು ಹಾರುವುದು, ಇದು ಮುಂದೆ ಹೊರಡುವುದು. ಮೂರು ನಿಮಿಷ ದಾಟಿದರೆ ರೈಲು ತಡ ಎಂದು ಲೆಕ್ಕ. ಆಗ ಪ್ಲಾಟ್‌ಫಾರಂನಲ್ಲಿ ನಿಂತವರ ಮುಖ ನೋಡಬಾರದು, ಯಾರೋ ಹತ್ತಿರದವರು ಹೋದಂತಿರುತ್ತದೆ.

ಮೊಮ್ಮಗಳು ಕಿಂಡರ್‌ಗಾರ್ಟನ್ನಿಗೆ ಒಬ್ಬಳೇ ನಡೆದು ಹೋಗುತ್ತಾಳೆ. ಐದು ವರ್ಷ. ಕೊರಳಿಗೆ ಹೊಳೆಯುವ ಪಟ್ಟಿಯ ತ್ರಿಕೋನ, ಬೆನ್ನಿಗೆ ಒಂದು ಸೇಬು ಹಿಡಿಸುವಷ್ಟು ಚೀಲ. ನಾನು ಜತೆಗೆ ಹೊರಟರೆ, "ಅಜ್ಜಿ, ನೀನು ಬರಬೇಡ, ಎಲ್ರೂ ನಗ್ತಾರೆ" ಎನ್ನುತ್ತಾಳೆ. ಬಾಲ್ಕನಿಯಿಂದ ನೋಡುತ್ತೇನೆ. ರಸ್ತೆಯ ಅಂಚಿನಲ್ಲಿ ನಿಂತು ಅವಳು ನೋಡುವುದು ಡ್ರೈವರನ್ನಲ್ಲ, ಕಾರಿನ ಚಕ್ರವನ್ನು. ಡ್ರೈವರು ಕೈ ಬೀಸಿ ಕರೆದರೂ ಕದಲಳು. ಚಕ್ರ ಪೂರ್ತಿ ನಿಂತ ಮೇಲೆಯೇ ಹೆಜ್ಜೆ ಎತ್ತಬೇಕು ಎಂದು ಕಲಿಸಿದ್ದಾರೆ. ಮಗು ಹೀಗೆ ಒಬ್ಬಳೇ ಹೋಗಬಲ್ಲಳು ಎಂದರೆ, ಆ ದಾರಿಯ ಅಷ್ಟೂ ಕಾರಿನವರು ತಮ್ಮ ಸರದಿ ಬಂದಾಗ ಕಾಲನ್ನು ಬ್ರೇಕಿನ ಮೇಲೆ ಗಟ್ಟಿಯಾಗಿ ಇಟ್ಟಿದ್ದಾರೆಂದು ಅರ್ಥ. ನನಗೆ ಇಲ್ಲಿ ಹೊಟ್ಟೆಕಿಚ್ಚು ತರಿಸಿದ್ದು ಇದೊಂದೇ.

ಈ ಸರದಿ ಎಲ್ಲರಿಗೂ ಒಂದೇ ಹೊತ್ತಿಗೆ ಬರಲಿಲ್ಲ ಅನ್ನುವುದೂ ಇದೆ. ವರ್ಷಕ್ಕೆ ನಾಲ್ಕು ಸಲದಂತೆ ಮತದಾನದ ಲಕೋಟೆ ಮನೆಗೇ ಬರುತ್ತದೆ. ಎಲ್ಲದಕ್ಕೂ ಜನರನ್ನು ಕೇಳುತ್ತಾರೆ. 2012ರಲ್ಲಿ ಎಲ್ಲರಿಗೂ ವರ್ಷಕ್ಕೆ ಆರು ವಾರ ರಜೆ ಬೇಕೇ ಎಂದು ಕೇಳಿದರು, ಮೂರರಲ್ಲಿ ಎರಡು ಪಾಲು ಜನ ಬೇಡವೆಂದರು. 2018ರಲ್ಲಿ ಕೊಂಬು ಉಳಿಸಿಕೊಂಡ ಹಸುಗಳ ರೈತರಿಗೆ ಸಹಾಯಧನ ಕೊಡೋಣವೇ ಎಂದು ಕೇಳಿದರು, ಅದಕ್ಕೂ ಬೇಡವೆಂದರು. ಹಸುವಿನ ಕೊಂಬಿನವರೆಗೂ ಕೇಳುವ ಈ ದೇಶ ಹೆಂಗಸರಿಗೆ ಮತ ಕೊಡೋಣವೇ ಎಂದು 1959ರಲ್ಲಿ ಕೇಳಿತ್ತು. ಕೇಳಿದ್ದು ಗಂಡಸರನ್ನು. ಬೇಡವೆಂದರು. ಮತ್ತೆ ಕೇಳಿ ಹೂಂ ಅನ್ನಿಸಿಕೊಂಡದ್ದು 1971ರಲ್ಲಿ. ಸಹಿ ಮಾಡಲೂ ಬಾರದ ನನ್ನ ಅಮ್ಮ 1952ರ ಚುನಾವಣೆಯಲ್ಲೇ ಮೈಸೂರಿನಲ್ಲಿ ಸೆರಗು ಬಿಗಿದು ಮತ ಹಾಕಿ ಬಂದಿದ್ದಳು ಎಂದು ಮೇಲಿನ ಮನೆಯ ಅಜ್ಜಿಗೆ ಮಗಳ ಬಾಯಿಂದ ಹೇಳಿಸಿದೆ. ಆಕೆ ಕಾಫಿ ಕದಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ನಮ್ಮ ಕೈಯಲ್ಲಿ ಒಗೆಯುವ ಕೋಣೆಯ ಕೀಲಿಕೈ ಮಾತ್ರ ಇತ್ತು" ಅಂದರು. ನಗಬೇಕೋ ಬೇಡವೋ ತಿಳಿಯಲಿಲ್ಲ. ಆಕೆಯೇ ಮೊದಲು ನಕ್ಕರು.

ಇಷ್ಟು ಕಟ್ಟುಪಾಡಿನ ಊರಿಗೆ ತಲೆ ಕೆಡುವುದಿಲ್ಲವೇ ಅಂದರೆ, ಕೆಡುತ್ತದೆ, ಅದಕ್ಕೂ ದಿನ ಗೊತ್ತುಮಾಡಿದ್ದಾರೆ. ಈಸ್ಟರ್ ಉಪವಾಸ ಶುರುವಾಗುವ ಮುಂಚಿನ ಗುರುವಾರ ಕಾರ್ನಿವಲ್ ಆರಂಭ. ಕಾರ್ನಿವಲ್ಲಿನ ಕಾಲಕ್ಕೆ ಸೋಲೊಟುರ್ನಿಗೆ ಹೊನೊಲುಲು ಎಂದು ಹೆಸರು. ಭೂಮಿಯ ಆಚೆ ಮಗ್ಗುಲಲ್ಲಿ ನೇರ ಎದುರಿಗೆ ಆ ಊರು ಇದೆಯಂತೆ, ಎಲ್ಲ ತಲೆಕೆಳಗು ಎಂದು ಅರ್ಥ. ಗೋಳ ತಿರುಗಿಸಿ ನೋಡಿದರೆ ಎದುರಿಗೆ ಇರುವುದು ನ್ಯೂಜಿಲೆಂಡಿನ ಪಕ್ಕದ ಬರೀ ಸಮುದ್ರ, ಹೋಗಲಿ ಬಿಡಿ, ಹನ್ನೊಂದು ಎಣಿಸಿದವರೇ ಇದನ್ನೂ ಅಳೆದಿರಬೇಕು.

ಕಾರ್ನಿವಲ್ಲಿನ ಮೊದಲ ದಿನ, ಬೆಳಗಿನ ಜಾವ ಐದು ಗಂಟೆ. ಸೀರೆಯ ಮೇಲೆ ಎರಡು ಸ್ವೆಟರ್ ಹಾಕಿಕೊಂಡು ಮಗಳ ಜತೆ ನಿಂತಿದ್ದೆ. ಬಿಳಿ ನೈಟ್‌ಶರ್ಟು, ಬಿಳಿ ಚೂಪು ಟೋಪಿ, ಕೊರಳಿಗೆ ಕೆಂಪು ವಸ್ತ್ರ ತೊಟ್ಟ ಜನ ಸಂದಿಸಂದಿಗಳಿಂದ ಬಂದು ಕೂಡಿ, ಒಮ್ಮೆಲೇ ತಗಡು, ಗಂಟೆ, ಗಿಲಕಿ, ತುತ್ತೂರಿ, ಕೈಗೆ ಸಿಕ್ಕಿದ್ದೆಲ್ಲ ಬಡಿಯತೊಡಗಿದರು. ಭಾನುವಾರ ಬಾಟಲಿ ಹಾಕದ ಜನ! ಮುಂದಿನ ಸಾಲಿನಲ್ಲಿ ಹಲ್ಲಿನ ಡಾಕ್ಟರು ದೊಡ್ಡ ಹಸುವಿನ ಗಂಟೆಯನ್ನು ಎರಡೂ ಕೈಯಲ್ಲಿ ಹಿಡಿದು ತೂಗುತ್ತಿದ್ದರು. ಅವರ ಹಿಂದೆ ಮೇಲಿನ ಮನೆಯ ಅಜ್ಜಿ, ಪಾತ್ರೆಯ ಎರಡು ಮುಚ್ಚಳ ಹಿಡಿದು, ಎಂಬತ್ತು ದಾಟಿದ ತೋಳಿನಿಂದ, ಯಾವ ತಾಳಕ್ಕೂ ಸಿಗದ ಹಾಗೆ ಬಡಿಯುತ್ತಿದ್ದರು. ಆಮೇಲೆ ಎಲ್ಲರೂ ಹಿಟ್ಟಿನ ಸೂಪು ಕುಡಿದರು. ಹುರಿದ ಹಿಟ್ಟಿನ ಘಮ ಚೆನ್ನಾಗಿತ್ತು, ಒಂದು ಒಗ್ಗರಣೆ ಬಿದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಮನೆಗೆ ಬಂದು ಕೂತು ಕಾಲು ಬೆಚ್ಚಗಾಗುವಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಯಿತು. ಅಜ್ಜಿ ಸೂಪಿನ ಕಲೆಯಾದ ನೈಟ್‌ಶರ್ಟನ್ನು ಬುಟ್ಟಿಯಲ್ಲಿಟ್ಟುಕೊಂಡು ನೆಲಮಾಳಿಗೆಗೆ ಇಳಿಯುತ್ತಿದ್ದರು. ಗುರುವಾರವಲ್ಲವೇ.