ಹ್ಯಾಂಗ್ ಮೀಮಾಂಸೆ: ಐದು ತಾಲ್ಲೂಕುಗಳನ್ನು ಅನುಲಕ್ಷಿಸಿ

ಮನೆಯ ಕಂಪ್ಯೂಟರು ಚಾಲೂ ಆಗದಿರುವುದು ರಿಪೇರಿಯ ವಿಷಯ. ಚಾಲೂ ಆಗಿ, ಬಣ್ಣದ ಪರದೆ ತೋರಿಸಿ, ಆಮೇಲೆ ನಿಂತುಬಿಡುವುದು ಶಾಸ್ತ್ರದ ವಿಷಯ. ಮೊದಲನೆಯದಕ್ಕೆ ಮೆಕ್ಯಾನಿಕ್ ಸಾಕು. ಎರಡನೆಯದಕ್ಕೆ ಪೂರ್ವಪಕ್ಷ, ಉತ್ತರಪಕ್ಷ, ಸಿದ್ಧಾಂತ ಮೂರೂ ಬೇಕು. ಪ್ರಸ್ತುತ ಪ್ರಬಂಧದ ವ್ಯಾಪ್ತಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ. ಈ ಆಯ್ಕೆಗೆ ಕಾರಣವುಂಟು: ಆಡಳಿತ ಬದಲಾದರೆ ಯಂತ್ರದ ಸ್ವಭಾವವೂ ಬದಲಾಗುತ್ತದೆಯೇ ಎಂಬುದನ್ನು ತಿಳಿಯಲು ಹರಪನಹಳ್ಳಿಯಷ್ಟು ಚೊಕ್ಕವಾದ ಪ್ರಯೋಗಶಾಲೆ ಬೇರೆಲ್ಲಿ ಸಿಗಬೇಕು? 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋದ ಈ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯನ್ನು ಸೇರಿತು. 2017ರಲ್ಲಿ ಅಲ್ಲಿನ ಮೇಜಿನ ಮೇಲೆ ಕೂತ ಕಂಪ್ಯೂಟರು ಕೂತಲ್ಲಿಂದ ಕದಲದೆ ಮೂರು ಜಿಲ್ಲೆ ಕಂಡಿತು, ಮೂರರಲ್ಲೂ ಒಂದೇ ರೀತಿ ನಿಂತಿತು. ಹಾಗಾಗಿ ಜಿಲ್ಲಾಡಳಿತಕ್ಕೂ ಹ್ಯಾಂಗಿಗೂ ಕಾರ್ಯಕಾರಣ ಸಂಬಂಧವಿಲ್ಲ. ಇಷ್ಟು ಸಣ್ಣ ತೀರ್ಮಾನಕ್ಕೆ ಇಷ್ಟು ದೊಡ್ಡ ಪ್ರಯೋಗ ಬೇಕಿತ್ತೇ ಎಂದು ಕೇಳಬಹುದು. ಸರಕಾರವೇ ಪ್ರಯೋಗ ಮಾಡಿಕೊಟ್ಟಿರುವಾಗ ಬಿಡುವುದೇಕೆ?

ಈ ಪ್ರಬಂಧದ ಪ್ರತಿಜ್ಞೆ: ಕಂಪ್ಯೂಟರು ತಾನಾಗಿ ನಿಂತಿಲ್ಲ, ಅದರ ಬೆನ್ನಿಗೇ ಎದ್ದುಬಂದವರು ಅದನ್ನು ನಿಲ್ಲಿಸಿಕೊಂಡಿದ್ದಾರೆ. ಹೇತು: ಅದು ನಿಂತದ್ದು ಚಾಲೂ ಆದ ಮೇಲೆ. ಗುಂಡಿ ಒತ್ತಿದೊಡನೆ ಮದರ್‌ಬೋರ್ಡು ರ‍್ಯಾಮ್, ಕೀಬೋರ್ಡ್, ಡಿಸ್ಕ್ ಎಂದು ಎಲ್ಲರ ಹಾಜರಿ ಕೂಗುತ್ತದೆ. ಅವರಲ್ಲಿ ರ‍್ಯಾಮೋ ಡಿಸ್ಕೋ ಪೂರ್ತಿ ಕೈಕೊಟ್ಟಿದ್ದರೆ ಪಾಸ್‌ವರ್ಡ್ ಕೇಳುವ ಹಂತವೇ ಬರುತ್ತಿರಲಿಲ್ಲ. ಆ ಹಂತ ದಾಟಿದ ಮೇಲೆ ಬರುವವರು ಯಾರೆಂದರೆ, ಯಾರೂ ಕರೆಯದಿದ್ದರೂ ತಾವೇ ಏಳುವ ಪ್ರೋಗ್ರಾಮುಗಳು: ಪ್ರಿಂಟರಿನ ಶಾಯಿ ಲೆಕ್ಕ ಹೇಳುವುದೊಂದು, ಎಂದೋ ಮಾರಿದ ಮೊಬೈಲಿನ ಸಹಾಯಕ ಇನ್ನೊಂದು, ಆನ್‌ಲೈನ್ ಕ್ಲಾಸಿನ ಕಾಲದ ವಿಡಿಯೋ ಸಭೆ ಮತ್ತೊಂದು, ಜೊತೆಗೆ ಎರಡು ಆಂಟಿವೈರಸ್. ಈ ಎರಡರ ಸಂಬಂಧ ಪ್ರತ್ಯೇಕ ಪಿಎಚ್.ಡಿ.ಗೆ ಅರ್ಹ. ಮೊದಲನೆಯದು ಒಂದು ಕಡತ ತೆರೆದು ನೋಡುತ್ತದೆ. ಯಾರೋ ತೆರೆದರಲ್ಲ ಎಂದು ಎರಡನೆಯದೂ ಅದನ್ನೇ ತೆರೆದು ನೋಡುತ್ತದೆ. ಮನೆಯವರು ಇಬ್ಬರನ್ನೂ ನೋಡುತ್ತಾ ಕೂರುತ್ತಾರೆ. ಇವರಿಗೆಲ್ಲ ಒಂದೇ ಗಳಿಗೆಯಲ್ಲಿ ಡಿಸ್ಕ್ ಬೇಕು. ಹಳೆಯ ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5400 ಇಲ್ಲವೇ 7200 ಸುತ್ತು ತಿರುಗುವ ತಟ್ಟೆ, ಅದರ ಮೇಲೆ ಆಚೀಚೆ ಆಡುವ ತೋಳು. ಅಲ್ಲೊಂದು ಇಲ್ಲೊಂದು ಚೂರು ಹೆಕ್ಕುವ ಕೆಲಸವಾದರೆ ಆ ತೋಳು ಸೆಕೆಂಡಿಗೆ ನೂರರ ಆಸುಪಾಸು ಹುಡುಕಾಟ ಮಾಡೀತು, ಅದಕ್ಕಿಂತ ಹೆಚ್ಚು ಅದರ ಕೈಲಾಗದು. ಎಲ್ಲರೂ ಒಟ್ಟಿಗೆ ಎಳೆದಾಗ ಟಾಸ್ಕ್ ಮ್ಯಾನೇಜರಿನ ಡಿಸ್ಕ್ ಕಂಬದಲ್ಲಿ ಶೇ. 100 ಎಂಬ ಅಂಕಿ ಬಂದು ಕೂರುತ್ತದೆ, ಏಳುವುದಿಲ್ಲ.

ಧೂಳುವಾದಿಗಳು ಇದನ್ನು ಒಪ್ಪುವುದಿಲ್ಲ. ನಮ್ಮ ಕಡೆಯ ಕೆಂಪು ಧೂಳು, ಏಪ್ರಿಲಿನ ಬಿಸಿಲು, ಎಲ್ಲ ದೋಷವೂ ಅವುಗಳದೇ ಎನ್ನುತ್ತಾರೆ. ಫ್ಯಾನಿಗೆ ಧೂಳು ಕಟ್ಟಿ ಪ್ರೊಸೆಸರು ಕಾಯುವುದು ಸುಳ್ಳಲ್ಲ; ಆದರೆ ಕಾದ ಪ್ರೊಸೆಸರು ಮೊದಲು ನಿಧಾನವಾಗುತ್ತದೆ, ಮಿತಿ ಮೀರಿದರೆ ಆರಿಹೋಗುತ್ತದೆ. ರಾತ್ರಿಯಿಡೀ ತಣ್ಣಗಿದ್ದ ಯಂತ್ರ ಬೆಳಗಿನ ಎರಡನೇ ನಿಮಿಷಕ್ಕೇ ನಿಂತರೆ ಅದನ್ನು ಬಿಸಿಲಿನ ತಲೆಗೆ ಕಟ್ಟುವುದು ಅನ್ಯಾಯ. ಕರೆಂಟುವಾದಿಗಳಿಗೂ ಹೆಚ್ಚುಕಡಿಮೆ ಇದೇ ಉತ್ತರ. ವೋಲ್ಟೇಜ್ ಕುಸಿದರೆ ಕಂಪ್ಯೂಟರು ಸಾಮಾನ್ಯವಾಗಿ ಆರುತ್ತದೆ, ಇಲ್ಲವೇ ತಾನೇ ಮತ್ತೆ ಶುರುವಾಗುತ್ತದೆ. ಚಿತ್ರ ಹಿಡಿದುಕೊಂಡು ಧ್ಯಾನಕ್ಕೆ ಕೂರುವುದು ಅಪರೂಪ. ಪಂಪ್‌ಸೆಟ್ಟಿನ ಅನುಭವವನ್ನು ಗಣಕಕ್ಕೆ ನೇರ ಅನ್ವಯಿಸಿದ್ದರಿಂದ ಹುಟ್ಟಿದ ವಾದ ಇದು.

ಮುಹೂರ್ತವಾದ ಇವೆರಡಕ್ಕಿಂತ ಗಂಭೀರ. ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ತೇರು ಮೂಲಾ ನಕ್ಷತ್ರ ಕೂಡುವವರೆಗೆ ಕದಲುವುದಿಲ್ಲ. ಹಾಗೆಯೇ ಕಂಪ್ಯೂಟರಿಗೂ ಒಂದು ಗಳಿಗೆ ಬರಬೇಕು ಎಂಬುದು ಇವರ ನಿಲುವು. ಆದರೆ ತೇರು ಮೊದಲು ಕಾದು ಆಮೇಲೆ ಹೊರಡುತ್ತದೆ, ಕಂಪ್ಯೂಟರು ಮೊದಲು ಹೊರಟು ಆಮೇಲೆ ಕಾಯುತ್ತದೆ. ಕ್ರಮವೇ ತಿರುಗುಮುರುಗಾದ ಮೇಲೆ ದೃಷ್ಟಾಂತ ನಿಲ್ಲದು. ಆದರೂ ಇವರ ಆಚರಣೆಯನ್ನು ತಳ್ಳಿಹಾಕುವಂತಿಲ್ಲ. ‘ಚಾಲೂ ಮಾಡಿಟ್ಟು ಚಾ ಕುಡದು ಬರ್ರಿ’ ಎಂಬ ಇವರ ವಿಧಿಯನ್ನು ಪಾಲಿಸಿದವರಿಗೆ ಎಷ್ಟೋ ಸಲ ಕಂಪ್ಯೂಟರು ಸರಿಯಾಗಿ ಸಿಗುತ್ತದೆ. ಚಾ ಮುಗಿಯುವಷ್ಟರಲ್ಲಿ ಸಾಲಿನಲ್ಲಿದ್ದ ಪ್ರೋಗ್ರಾಮುಗಳೆಲ್ಲ ಡಿಸ್ಕಿನ ದರ್ಶನ ಪಡೆದು ಸರಿದಿರುತ್ತವೆ. ನಕ್ಷತ್ರದ ಹೆಸರಿನಲ್ಲಿ ಇವರು ನಮ್ಮ ಪಕ್ಷಕ್ಕೇ ಸಾಕ್ಷಿ ನುಡಿದಂತಾಯಿತು.

ಪರದೆ ಏನಾದರೂ ಹೇಳಲಿ, ಅದರಿಂದ ಕಾರಣ ತಿಳಿಯೋಣ ಎನ್ನುವವರಿದ್ದಾರೆ. ಇವರನ್ನು ಕಾರ್ಣಿಕ ಪಂಥದವರೆನ್ನಬಹುದು. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಅಷ್ಟು ದೊಡ್ಡ ಜನಸಾಗರ ಉಸಿರು ಬಿಗಿಹಿಡಿಯುತ್ತದೆ. ಅವನು ಒಂದೇ ಸಾಲಿನ ಕಾರ್ಣಿಕ ನುಡಿದು ಮೇಲಿಂದ ಬೀಳುತ್ತಾನೆ. ಆ ಸಾಲನ್ನು ರೈತರು ಮಳೆಗೆ, ವ್ಯಾಪಾರಿಗಳು ದರಕ್ಕೆ, ರಾಜಕಾರಣಿಗಳು ಕುರ್ಚಿಗೆ ಹೊಂದಿಸಿಕೊಳ್ಳುತ್ತಾರೆ. ವಿಂಡೋಸಿನ ನೀಲಿ ಪರದೆ ಈ ವರ್ಗಕ್ಕೆ ಸೇರಿದ್ದು. ಬೀಳುವ ಮೊದಲು ಒಂದು ಒಗಟಿನ ಸಾಲು ಹೇಳಿಯೇ ಬೀಳುತ್ತದೆ. ಹ್ಯಾಂಗಿನಲ್ಲಿ ಸದ್ದಡಗುತ್ತದೆ, ಸಾಲು ಮಾತ್ರ ಬರುವುದಿಲ್ಲ, ಬಿಲ್ಲಿನ ಮೇಲಿದ್ದವನು ಕೆಳಗೂ ಬೀಳುವುದಿಲ್ಲ. ಬಾಯಿಬಿಡದ ಈ ಸಾಕ್ಷಿಯನ್ನು ಬೇರೆ ಕುರುಹಿನಿಂದ ಓದಬೇಕು. ಕ್ಯಾಪ್ಸ್ ಲಾಕ್ ಒತ್ತಿದಾಗ ಅದರ ಪುಟ್ಟ ದೀಪ ಹತ್ತಿ ಆರಿದರೆ ಒಳಗೆ ಜೀವವಿದೆ, ಯಾರೋ ಕೈ ಹಿಡಿದುಕೊಂಡಿದ್ದಾರೆ ಅಷ್ಟೆ. ದೀಪವೂ ಅಲುಗದೆ ಮೌಸಿನ ಬಾಣವೂ ಕದಲದಿದ್ದರೆ ಅನುಮಾನ ಡ್ರೈವರಿನ ಕಡೆಗೋ ಯಂತ್ರದ ಅಂಗಾಂಗದ ಕಡೆಗೋ ತಿರುಗುತ್ತದೆ. ಹೊಗೆ ಕಂಡು ಬೆಂಕಿಯನ್ನು ಊಹಿಸುತ್ತಿದ್ದ ನೈಯಾಯಿಕರಿಗೆ ಈ ದೀಪ ಸಿಕ್ಕಿದ್ದರೆ ತರ್ಕಶಾಸ್ತ್ರ ಇನ್ನಷ್ಟು ತೆಳ್ಳಗಿರುತ್ತಿತ್ತು. ಈವೆಂಟ್ ವ್ಯೂವರ್ ಎಂಬ ದಫ್ತರವೂ ಉಂಟು. ಆದರೆ ಆರೋಗ್ಯವಂತ ಕಂಪ್ಯೂಟರಿನಲ್ಲೂ ಅದರ ತುಂಬ ಕೆಂಪು ಗುರುತುಗಳಿರುತ್ತವೆ. ನಿಂತ ಗಳಿಗೆಯ ನಮೂದು ಬಿಟ್ಟು ಉಳಿದದ್ದನ್ನೆಲ್ಲ ಅರ್ಥೈಸಹೊರಟವರು ಮರಳಿ ಮೈಲಾರಕ್ಕೇ ಹೋಗಬೇಕಾದೀತು.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಇದು: ‘ಹತ್ತು ಸಲ ಬಂದ್ ಮಾಡಿ ಚಾಲೂ ಮಾಡೇವಿ, ಆದ್ರೂ ಹಂಗ ಐತಿ. ಒಳಗ ಹೊಕ್ಕೋರು ಕಾರಣ ಆಗಿದ್ರ ಒಮ್ಮೆರ ಹೊರಗ ಹೋಗಬೇಕಿತ್ತಲ್ಲ?’ ಉತ್ತರಕ್ಕೆ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮವನ್ನು ನೆನೆಯಬೇಕು. ಕರಡಿಯೆಂದರೆ ಚಳಿಗಾಲವಿಡೀ ನಿದ್ದೆ ಎಂದು ಪುಸ್ತಕ ಓದಿದವರು ನಂಬುತ್ತಾರೆ. ನಮ್ಮ ಕರಡಿಗೆ ಆ ಅಭ್ಯಾಸವಿಲ್ಲ, ವರ್ಷವಿಡೀ ಗೆದ್ದಲು ಹುಡುಕುತ್ತಾ ತಿರುಗುತ್ತದೆ. ಅದು ಬಿಟ್ಟ ನಿದ್ದೆಯನ್ನು ಕಂಪ್ಯೂಟರು ವಹಿಸಿಕೊಂಡಿದೆ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಅದು ಜಾರಿಯಲ್ಲಿದ್ದರೆ, ಶಟ್‌ಡೌನ್ ಒತ್ತಿದಾಗ ವಿಂಡೋಸ್ ತನ್ನ ಕರ್ನಲ್ ಮತ್ತು ಡ್ರೈವರುಗಳ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ, ಮರುದಿನ ಅದನ್ನೇ ಓದಿಕೊಂಡು ಏಳುತ್ತದೆ. ನಿನ್ನೆ ಮುನಿಸಿಕೊಂಡ ಡ್ರೈವರು ಇವತ್ತೂ ಮುನಿಸಿನಲ್ಲೇ ಇರುತ್ತದೆ. ಪೂರ್ತಿ ಹೊಸದಾಗಿ ಏಳುವುದು ರೀಸ್ಟಾರ್ಟ್ ಒತ್ತಿದಾಗ. ಆರು ಎಂದರೆ ಆರದು, ಮತ್ತೆ ಹತ್ತು ಎಂದರೆ ಪೂರ್ತಿ ಆರಿಯೇ ಹತ್ತುತ್ತದೆ. ವಿರೋಧಾಭಾಸಕ್ಕೆ ಹೊಸ ಉದಾಹರಣೆ ಹುಡುಕುವ ಆಲಂಕಾರಿಕರು ಗಮನಿಸಬೇಕು. ಹಾಗಾಗಿ ಆಕ್ಷೇಪಕರ ಹತ್ತು ಸಾಕ್ಷಿಗಳ ಒಟ್ಟು ಬೆಲೆ ಸೊನ್ನೆ. ಇನ್ನು ತಾವೇ ಏಳುವವರ ವಿಷಯ: ರೀಸ್ಟಾರ್ಟ್ ಕೊಟ್ಟರೂ ಅವರ ಹೆಸರು ಪಟ್ಟಿಯಲ್ಲಿ ಹಾಗೇ ಇರುತ್ತದೆ, ಪಟ್ಟಿಯಲ್ಲೇ ಕತ್ತರಿಸಬೇಕು.

ಕೊನೆಗೆ ಉಳಿದವರು ಫಾರ್ಮ್ಯಾಟ್‌ವಾದಿಗಳು. ಐದೂ ತಾಲ್ಲೂಕುಗಳಲ್ಲಿ ಇವರಿಗೇ ಬಹುಮತ, ವಾದ ಒಂದೇ ವಾಕ್ಯದ್ದು: ‘ಫಾರ್ಮ್ಯಾಟ್ ಹೊಡದ್ರ ಆತು ಬಿಡ್ರಿ.’ ಹೊಡೆದರೆ ಆಗುತ್ತದೆ, ನಿಜ. ಆದರೆ ಕಾರಣವೂ ಫೋಟೋಗಳೂ ಒಟ್ಟಿಗೇ ಅಳಿಯುತ್ತವೆ, ಮತ್ತು ಹೊಡೆದವರೇ ಪ್ರೀತಿಯಿಂದ ಆ ಹಳೆಯ ಉಚಿತ ಪ್ರೋಗ್ರಾಮುಗಳನ್ನೆಲ್ಲ ಮರಳಿ ಹಾಕಿಕೊಡುತ್ತಾರೆ. ರೋಗಿ ಹೋದ, ರೋಗ ಉಳಿಯಿತು. ಇದರ ಬದಲು ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ಟ್ರಬಲ್‌ಶೂಟ್ ಪುಟಗಳ ಮೂಲಕ ಸೇಫ್ ಮೋಡಿಗೆ ಹೋಗಬೇಕು. ಅಲ್ಲಿ ವಿಂಡೋಸ್ ಅಗತ್ಯದವರನ್ನಷ್ಟೇ ಕರೆದುಕೊಂಡು ಏಳುತ್ತದೆ. ಅಲ್ಲಿ ನಿಲ್ಲದೆ ನಡೆದರೆ ಪ್ರತಿಜ್ಞೆ ಸಿದ್ಧ. ಆಮೇಲೆ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯ ಅರ್ಧ ಹೆಸರುಗಳನ್ನು ತಡೆದು ರೀಸ್ಟಾರ್ಟ್ ಕೊಟ್ಟರೆ ತಪ್ಪಿತಸ್ಥ ಯಾವ ಅರ್ಧದಲ್ಲಿದ್ದಾನೆಂದು ಗೊತ್ತಾಗುತ್ತದೆ. ಹದಿನಾರು ಹೆಸರಿದ್ದರೂ ನಾಲ್ಕು ಸುತ್ತಿಗೆ ಒಬ್ಬನೇ ಉಳಿಯುತ್ತಾನೆ. ಸೇಫ್ ಮೋಡಿನಲ್ಲೂ ನಿಂತರೆ, ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ, ಈ ಪ್ರಬಂಧ ಮರ್ಯಾದೆಯಿಂದ ಬದಿಗೆ ಸರಿಯುತ್ತದೆ. ಆಗ ಫೋಟೋ, ಪಹಣಿ, ಮಕ್ಕಳ ಪ್ರಾಜೆಕ್ಟುಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಹಳೆಯ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವುದು. ಆ ಹೊಸ ಡಿಸ್ಕನ್ನು ಬೇಕಿದ್ದರೆ ಫಾರ್ಮ್ಯಾಟ್‌ವಾದಿಗಳೇ ಹೊಡೆದುಕೊಡಲಿ, ಅದರಲ್ಲಿ ಅಳಿಸಲು ಏನೂ ಇರುವುದಿಲ್ಲ.