ಅಂತಿಮ ಬಳಕೆದಾರ ಮೀಮಾಂಸೆ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಸೊಸೈಟಿಗಳನ್ನು ಕುರಿತ ಒಂದು ಮಹಾಪ್ರಬಂಧದ ಸಂಗ್ರಹ

1. ಪೀಠಿಕೆ

ಹಣಕಾಸು ತಂತ್ರಾಂಶದ ಸಂರಚನೆಯಲ್ಲಿ ಅಂತಿಮ ಬಳಕೆದಾರನ ಸಹಭಾಗಿತ್ವಾತ್ಮಕ ಪಾತ್ರನಿರ್ವಹಣೆಯನ್ನು ಕುರಿತು ವಿದ್ವಾಂಸರಲ್ಲಿ ಎರಡು ಮತಗಳಿವೆ. ತಂತ್ರಾಂಶ ಸಿದ್ಧವಾದ ಮೇಲೆ ಅವನನ್ನು ಕೇಳಬೇಕು ಎಂಬುದು ಒಂದು. ಕೇಳಿದ ಹಾಗೆ ಫೋಟೊ ತೆಗೆಸಿಕೊಂಡರೆ ಸಾಕು ಎಂಬುದು ಇನ್ನೊಂದು. ಮೊದಲೇ ಕೇಳಬೇಕು ಎಂಬ ಮೂರನೆಯ ಮತವನ್ನು ಅವೈಜ್ಞಾನಿಕವೆಂದು ಕೈಬಿಡಲಾಗಿದೆ.

2. ಐತಿಹಾಸಿಕ ಹಿನ್ನೆಲೆ

1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಲ ಬೇಕಾದವರೇ ಕೂತು ನಿಯಮ ಬರೆದುಕೊಂಡದ್ದು ಅಂದಿನ ಗಂಭೀರ ಲೋಪ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ 63,000 ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಉದ್ದೇಶ ಒಳ್ಳೆಯದೇ, ಅಲ್ಲಲ್ಲಿ ಕಿರ್ದಿ ತಿದ್ದಿ ರೈತರ ದುಡ್ಡು ನುಂಗಿದ ಸಂಘಗಳೂ ಇವೆ. ಆದರೆ ಈ ಪ್ರಬಂಧದ ಚಿಂತೆ ಆ ತಂತ್ರಾಂಶವನ್ನು ಸೆಕ್ರೆಟರಿಗಳಿಗೆ ಕಲಿಸುವ ತರಬೇತಿ ಸಭಾಂಗಣದ್ದು.

3. ಬಳಕೆದಾರರ ಸಪ್ತವಿಧ ವರ್ಗೀಕರಣ

ಅ) ಮೌನಿ: ಹಿಂದಿನ ಸಾಲಿನ ಸೆಕ್ರೆಟರಿ. ಊಟದ ಹೊತ್ತಿಗೆ ಕ್ರಿಯಾಶೀಲ.

ಆ) ಸಮ್ಮತಿಶೀಲ: ಎಲ್ಲದಕ್ಕೂ "ಹೌದ್ರಿ ಸರ್" ಎನ್ನುವವನು. ವರದಿಯಲ್ಲಿ 'ಬಳಕೆದಾರರ ತೃಪ್ತಿ' ಎಂದರೆ ಇವನೇ.

ಇ) ಪ್ರಶ್ನಕ: ಅಪಾಯಕಾರಿ.

ಉಳಿದ ನಾಲ್ಕಕ್ಕೂ ಹೆಸರು ಹುಡುಕಿಟ್ಟಿದ್ದೆ, ಬೇಡ ಬಿಡಿ. ಮೂರನೆಯವನ ಮಾತೇ ಬೇಕಾದಷ್ಟಿದೆ.

ಅಂಥ ಒಂದು ತರಬೇತಿಯಲ್ಲಿ ಆಳಂದ ಕಡೆಯ ಸೆಕ್ರೆಟರಿಯೊಬ್ಬರು ಎದ್ದು ನಿಂತರು. "ಸರ್, ರೈತ ಅಡತ್ ಅಂಗಡ್ಯಾಗ ಕೈಗಡ ತಂದು ಮುಂಜಾನಿ ಹಳೇ ಸಾಲ ತುಂಬತಾನ್ರಿ. ಸಂಜಿಗೆ ಹೊಸ ಸಾಲ ಸಿಕ್ರ ಕೈಗಡ ತೀರಸ್ತಾನ. ಸರ್ವರ್ ಇಲ್ಲಂತ ನಾ ಮರುದಿನ ಎಂಟ್ರಿ ಮಾಡಿದ್ರ ಈ ಸಾಫ್ಟ್‌ವೇರ್ ಮರುದಿನದ್ದೇ ತಾರೀಖು ತಗೋತದ. ಆ ಬಡ್ಡಿ ಯಾರ್ ಕಟ್ಟಬೇಕ್ರಿ?"

"ಅದು ಇವತ್ತಿನ ಮಾಡ್ಯೂಲ್‌ನಲ್ಲಿ ಇಲ್ಲ. ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಬರೀರಿ" ಎಂದರು ತರಬೇತುದಾರರು.

ಫಾರ್ಮ್ ಇಂಗ್ಲಿಷಿನಲ್ಲಿತ್ತು. ಬರೆಯಲು ಜಾಗವಿರಲಿಲ್ಲ, ಗುರುತು ಹಾಕಲು ಐದು ನಕ್ಷತ್ರಗಳಿದ್ದವು.

4. ಚರ್ಚೆ

ಇಲ್ಲಿ ಪ್ರಬಂಧಕಾರನ ವಸ್ತುನಿಷ್ಠತೆ ಕೆಡುತ್ತದೆ. ರಾಜ್ಯದಲ್ಲಿ ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ಬಡ್ಡಿ ಶೂನ್ಯವಾಗುವುದು ಗಡುವಿನೊಳಗೆ ತೀರಿಸಿದವನಿಗೆ ಮಾತ್ರ. ತೊಗರಿ ಮಾರಿಯೋ ಕೈಗಡ ತಂದೋ ಹೊತ್ತಿಗೆ ಸರಿಯಾಗಿ ರೊಕ್ಕ ಎಣಿಸಿಕೊಟ್ಟವನನ್ನು ಪರದೆಯ ಮೇಲಿನ ಒಂದು ತಾರೀಖು ಸುಸ್ತಿದಾರನನ್ನಾಗಿ ಮಾಡಿದರೆ ಅದಕ್ಕೆ ತಾಂತ್ರಿಕ ದೋಷ ಎಂಬ ಹೆಸರು ಸಾಲದು. ಅದು ಅನ್ಯಾಯ. ಬೈಗುಳ ತಿನ್ನುವವನು ಕೌಂಟರಿನಲ್ಲಿ ಕೂತ ಸೆಕ್ರೆಟರಿ. ತಂತ್ರಾಂಶ ಕಟ್ಟಿದವರ ಮುಖವನ್ನು ಅಫಜಲಪುರದ ರೈತ ಕಂಡೇ ಇಲ್ಲ.

ಜೇವರ್ಗಿ ಕಡೆ ಪಹಣಿಯಲ್ಲಿ ಶರಣಪ್ಪನಾದವನು ಆಧಾರ್‌ನಲ್ಲಿ ಶರಣಬಸಪ್ಪ. ಇಬ್ಬರೂ ಒಬ್ಬನೇ ಎಂದು ಸೆಕ್ರೆಟರಿಗೆ ಗೊತ್ತು, ಅವನ ಅಪ್ಪನ ಸಾಲದ ಖಾತೆಯನ್ನೂ ಬರೆದವರು ಅವರೇ. ಆ ತಿಳಿವಳಿಕೆ ಹಾಕಲು ತಂತ್ರಾಂಶದಲ್ಲಿ ಒಂದು ಕಾಲಮ್ಮೂ ಇಲ್ಲ, ಏಕೆಂದರೆ ಅವರನ್ನು ಯಾರೂ ಕೇಳಲಿಲ್ಲ. ಇಡೀ ಸೀಮೆಯ ಸಾಲ-ಸೋಲಗಳನ್ನು ತಲೆಯಲ್ಲಿಟ್ಟುಕೊಂಡವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ಮೌಸ್ ಹಿಡಿಯುವುದನ್ನು ಕಲಿಸಿ ಕಳಿಸುತ್ತೇವೆ.

5. ಉಪಸಂಹಾರ

ತಂತ್ರಾಂಶ ಕಟ್ಟುವ ಮಹನೀಯರಲ್ಲಿ ವಿನಂತಿ. ಒಂದು ಸಾಲು ಕೋಡ್ ಬರೆಯುವ ಮೊದಲು, ಮಾರ್ಚ್ ಕೊನೆಯ ವಾರ, ಯಾವುದಾದರೂ ಹಳ್ಳಿಯ ಸೊಸೈಟಿಗೆ ಬಂದು ಸೆಕ್ರೆಟರಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂಡಿ. ಅವರು ಕಿರ್ದಿ ಬರೆಯುವುದನ್ನು ನೋಡಿ. ಅಂದಿನ ಶಿಲ್ಕು ತಾಳೆಯಾಗುವವರೆಗೆ ಏಳಬೇಡಿ.