ಟವಲು ಮತ್ತು ಸೀಟು: ಸ್ವಾತಂತ್ರ್ಯ ಮೀಮಾಂಸೆಗೊಂದು ಕಿರುಕಾಣಿಕೆ

ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವಲು ಎಸೆದು ಸೀಟು ಹಿಡಿಯುವ ಪದ್ಧತಿಯ ಕಾಲನಿರ್ಣಯ ಕಷ್ಟ. ಶಾಸನಾಧಾರವಿಲ್ಲ, ಶಾಸನ ಕೆತ್ತುವಷ್ಟು ಹೊತ್ತು ಬಸ್ಸು ನಿಲ್ಲುವುದೂ ಇಲ್ಲ.

ಸಂವಿಧಾನದ 19(1)(ಡಿ) ವಿಧಿ ದೇಶದಾದ್ಯಂತ ಸಂಚರಿಸುವ ಸ್ವಾತಂತ್ರ್ಯ ಕೊಟ್ಟಿದೆ. ಕೂತೋ ನಿಂತೋ ಎಂಬ ವಿಷಯದಲ್ಲಿ ಅದು ಮೌನ. ಸಾರ್ವಜನಿಕರ ಹಿತಕ್ಕಾಗಿ ಆ ಸ್ವಾತಂತ್ರ್ಯದ ಮೇಲೆ ಸಮಂಜಸ ನಿರ್ಬಂಧ ಹೇರಬಹುದೆಂದು 19(5) ಹೇಳುತ್ತದೆ. ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಈ ನಿರ್ಬಂಧವನ್ನು ಮೊಣಕೈ ಮೂಲಕ ಹೇರಲಾಗುತ್ತದೆ.

ಇನ್ನು ಪೂರ್ವಪಕ್ಷ. ಯಾರಿಗೂ ಸೇರದ ವಸ್ತುವಿಗೆ ನಮ್ಮ ದುಡಿಮೆ ಬೆರೆತರೆ ಅದು ನಮ್ಮದು ಎಂದು ತತ್ತ್ವಜ್ಞಾನಿ ಜಾನ್ ಲಾಕ್ 1689ರಲ್ಲೇ ವಾದಿಸಿದ್ದ. ಓಡುವ ಬಸ್ಸಿನ ಜೊತೆ ಓಡಿ, ಗುರಿಯಿಟ್ಟು ಟವಲು ಎಸೆಯುವುದು ದುಡಿಮೆಯಲ್ಲದೆ ಮತ್ತೇನು? ಆದರೆ ಉಳಿದವರಿಗೂ ಸಾಕಷ್ಟು, ಅಷ್ಟೇ ಒಳ್ಳೆಯದು ಮಿಕ್ಕಿರಬೇಕು ಎಂಬ ಷರತ್ತನ್ನೂ ಪುಣ್ಯಾತ್ಮ ಸೇರಿಸಿಬಿಟ್ಟ. ಕಿಟಕಿ ಪಕ್ಕದ ಸೀಟನ್ನು ಅವನು ಕಂಡಿರಲಿಲ್ಲ. 1974ರಲ್ಲಿ ರಾಬರ್ಟ್ ನಾಜಿಕ್ ಎಂಬ ಮತ್ತೊಬ್ಬ ತತ್ತ್ವಜ್ಞಾನಿ ಇನ್ನೊಂದು ತಕರಾರು ತೆಗೆದ: ಒಂದು ಡಬ್ಬಿ ಟೊಮೇಟೊ ರಸವನ್ನು ಸಮುದ್ರಕ್ಕೆ ಸುರಿದರೆ ಸಮುದ್ರ ನನ್ನದಾಯಿತೋ, ರಸ ದಂಡವಾಯಿತೋ?

ಪ್ರಮಾಣಗಳ ಬಲಾಬಲವನ್ನೂ ನೋಡಬೇಕು. ಕರ್ಚೀಫು ದುರ್ಬಲ, ಗಾಳಿಗೆ ಹಾರುತ್ತದೆ. ನೀರಿನ ಬಾಟಲಿ ಉರುಳಿ ಹಿಂದಿನ ಸೀಟಿನ ಮೇಲೆ ಹಕ್ಕು ಸ್ಥಾಪಿಸುವ ಸಂಭವವುಂಟು. ಟಿಫಿನ್ ಬ್ಯಾಗು ಮಧ್ಯಮ. ಕಿಟಕಿಯಿಂದ ಇಳಿಬಿಟ್ಟ ಮಗುವೇ ಸರ್ವಪ್ರಬಲ. ಅದನ್ನೆತ್ತಿ ಪಕ್ಕಕ್ಕಿಟ್ಟವರನ್ನು ನಾನಂತೂ ನೋಡಿಲ್ಲ. (ಎಸೆಯುವಾಗ ಟವಲು ಒದ್ದೆಯಿರಬೇಕೆಂಬ ಪಂಥವೊಂದಿದೆ. ಅದನ್ನು ನಾನು ಒಪ್ಪುವುದಿಲ್ಲ, ಕೂರಬೇಕಾದವರು ನಾವೇ.)

ಕ್ಷೇತ್ರಕಾರ್ಯಕ್ಕಾಗಿ ಮೊನ್ನೆ ತುಮಕೂರು ಬಸ್ಸಿಗೆ ನಾನೇ ಟವಲು ಎಸೆದೆ. ನುಗ್ಗಿ ಒಳಗೆ ಹೋಗುವಷ್ಟರಲ್ಲಿ ಅದರ ಮೇಲೆ ಒಬ್ಬ ಅಜ್ಜಿ ಕೂತಾಗಿತ್ತು. ಶಕ್ತಿ ಯೋಜನೆಯಲ್ಲಿ ಅವರ ಟಿಕೆಟ್ಟು ಉಚಿತ, ನನ್ನದಕ್ಕೆ ಪೂರ್ತಿ ದುಡ್ಡು ಎಂಬ ವಾದ ನಾಲಿಗೆ ತುದಿಗೆ ಬಂತು. ನಾನಿನ್ನು ಬರೆಯಬೇಕಿದ್ದುದು ಸಾಮೂಹಿಕ ಹಿತದ ಅಧ್ಯಾಯವೆಂದು ನೆನಪಾಗಿ ನುಂಗಿಕೊಂಡೆ.

‘ಅಜ್ಜೀ, ಆ ಟವಲು ನಂದು.’

‘ನಿಂದೇ ಇರ್ಬೋದು ಮಗಾ. ನಾನಿಳಿಯುವಾಗ ಈಸ್ಕೊ.’

ನಾಜಿಕ್‌ಗೆ ಸಿಗದ ಉತ್ತರ ಹೀಗೆ ಸಿಕ್ಕಿತು: ಸಮುದ್ರ ಸಮುದ್ರದ್ದೇ, ರಸವೂ ದಂಡವಲ್ಲ, ಕೊಂಚ ಬಿಸಿಯಾಗಿರುತ್ತದೆ ಅಷ್ಟೇ. ಅಜ್ಜಿ ಗುಬ್ಬಿಯಲ್ಲಿ ಇಳಿದರು. ನಾನು ಬಗ್ಗಿ ಟವಲು ಎತ್ತಿಕೊಳ್ಳುವಷ್ಟರಲ್ಲಿ ಕಿಟಕಿಯಿಂದ ಒಂದು ಮಗು ಬಂತು.